ಅಧ್ಯಕ್ಷ ಅಭ್ಯರ್ಥಿಗಳ ಹಿಂದಿನ ಲೆಕ್ಕ ಮತ್ತು ಅರ್ಮೇನಿಯನ್ ಅಮೆರಿಕನ್ನರ ಮತ

ಅಮೆರಿಕದ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸುವವರ ಮುಂದೆ ಅರ್ಮೇನಿಯನ್ ಮೂಲದ ಮತದಾರರು ಬಹುಕಾಲದಿಂದ ಎರಡು ಪ್ರಶ್ನೆ ಇಡುತ್ತ ಬಂದಿದ್ದಾರೆ. 1915ರಿಂದ ಆಟೊಮನ್ ಸಾಮ್ರಾಜ್ಯದಲ್ಲಿ ನಡೆದ ಅರ್ಮೇನಿಯನ್ನರ ಸಾಮೂಹಿಕ ಹತ್ಯೆಯನ್ನು ನರಮೇಧವೆಂದು ಒಪ್ಪುತ್ತೀರಾ ಎಂಬುದು ಮೊದಲನೆಯದು. ಅರ್ಮೇನಿಯಾ ಮತ್ತು ಅದರ ಹಾಗೂ ಅಜರ್‌ಬೈಜಾನಿನ ನಡುವೆ ವಿವಾದಕ್ಕೊಳಗಾದ, ಅರ್ಮೇನಿಯನ್ನರು ನೆಲೆಸಿದ್ದ ನಾಗೋರ್ನೊ-ಕರಬಾಖ್ ವಿಷಯದಲ್ಲಿ ಏನು ಮಾಡಿದ್ದೀರಿ ಎಂಬುದು ಎರಡನೆಯದು. ಉದ್ಯೋಗ, ತೆರಿಗೆ, ಆರೋಗ್ಯ ವಿಮೆಯ ಚಿಂತೆ ಅವರಿಗೂ ಉಂಟು. ಸಮುದಾಯದ ಮತ ಯಾವುದೇ ಒಂದು ಪಕ್ಷಕ್ಕೆ ಕಟ್ಟುಬಿದ್ದಿಲ್ಲ. ಆದರೂ ಈ ಎರಡು ಪ್ರಶ್ನೆಗಳಿಗೆ ಚುನಾವಣಾ ಭಾಷಣದ ಉತ್ತರ ಸಾಲದು, ಅಭ್ಯರ್ಥಿಯ ಹಳೆಯ ಕಡತವನ್ನೂ ತೆಗೆದು ನೋಡಬೇಕು ಎಂಬ ಪಾಠವನ್ನು ಹಲವು ಚುನಾವಣೆಗಳು ಅವರಿಗೆ ಕಲಿಸಿವೆ.

ಮತದಾರರು ಯಾರು

ನರಮೇಧದಲ್ಲಿ ಸುಮಾರು 15 ಲಕ್ಷದವರೆಗೆ ಜನ ಸತ್ತರೆಂದು ಅಂದಾಜಿದೆ. ಬದುಕುಳಿದು ಅಮೆರಿಕ ಸೇರಿದವರು ಕ್ಯಾಲಿಫೋರ್ನಿಯದ ಫ್ರೆಸ್ನೊ, ಬಾಸ್ಟನ್ ಬಳಿಯ ವಾಟರ್‌ಟೌನ್, ಮಿಶಿಗನ್‌ನ ಡೆಟ್ರಾಯಿಟ್ ಮೊದಲಾದ ಕಡೆ ನೆಲೆಸಿದರು. ಮುಂದೆ ಲೆಬನಾನಿನ ಅಂತರ್ಯುದ್ಧ, ಇರಾನಿನ ಕ್ರಾಂತಿ, ಸೋವಿಯತ್ ಒಕ್ಕೂಟದ ಪತನದ ಕಾಲದಲ್ಲಿ ಬಂದವರು ಲಾಸ್ ಏಂಜಲಿಸ್ ಮತ್ತು ಅದರ ಪಕ್ಕದ ಗ್ಲೆಂಡೇಲ್‌ನಲ್ಲಿ ತುಂಬಿಕೊಂಡರು. ಅಧ್ಯಕ್ಷ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯ ಈಗ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ಹಾಗಾಗಿ ಅಲ್ಲಿನ ಅರ್ಮೇನಿಯನ್ನರ ಬಲ ಅಂತಿಮ ಎಣಿಕೆಗಿಂತ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಗಳಲ್ಲಿ, ದೇಣಿಗೆಯಲ್ಲಿ ಮತ್ತು ಸಂಸತ್ತಿನ ಮೇಲಿನ ಒತ್ತಡದಲ್ಲಿ ಹೆಚ್ಚು ಕಾಣುತ್ತದೆ. ಜಿದ್ದಾಜಿದ್ದಿಯ ಮಿಶಿಗನ್‌ನಲ್ಲಿ ಸಣ್ಣ ಗುಂಪಿನ ಮತಕ್ಕೂ ಬೆಲೆಯಿದೆ.

ಲೆಕ್ಕ ಇಡುವ ಕೆಲಸವನ್ನು ಮುಖ್ಯವಾಗಿ ಎರಡು ಸಂಸ್ಥೆಗಳು ಮಾಡುತ್ತವೆ: 1972ರಲ್ಲಿ ಹುಟ್ಟಿದ ಅರ್ಮೇನಿಯನ್ ಅಸೆಂಬ್ಲಿ ಆಫ್ ಅಮೆರಿಕ ಮತ್ತು ಅರ್ಮೇನಿಯನ್ ನ್ಯಾಷನಲ್ ಕಮಿಟಿ ಆಫ್ ಅಮೆರಿಕ. ಯಾರು ಯಾವ ನಿರ್ಣಯಕ್ಕೆ ಸಹ-ಮಂಡನೆಯ ಸಹಿ ಹಾಕಿದರು, ಯಾವ ಮತದಾನದಲ್ಲಿ ಯಾವ ಕಡೆ ನಿಂತರು ಎಂಬುದು ಸಂಸತ್ತಿನ ದಾಖಲೆಯಲ್ಲೇ ಹೆಸರು ಸಮೇತ ಸಿಗುತ್ತದೆ. ಅದನ್ನು ಒಟ್ಟುಗೂಡಿಸಿ ಮತದಾರರ ಮುಂದಿಡುವುದು ಈ ಸಂಸ್ಥೆಗಳ ಬಲ.

ಅಭ್ಯರ್ಥಿಯ ಮಾತು, ಅಧ್ಯಕ್ಷರ ಮೌನ

ಅಧ್ಯಕ್ಷರಾದವರು ನರಮೇಧ ಎನ್ನಲು ಹಿಂಜರಿಯುತ್ತಿದ್ದುದಕ್ಕೆ ಕಾರಣ ಟರ್ಕಿ. ಅದು 1952ರಿಂದ ನೇಟೊ ಸದಸ್ಯ. ಅಲ್ಲಿನ ಇಂಜಿರ್ಲಿಕ್ ವಾಯುನೆಲೆ ಅಮೆರಿಕದ ಸೇನೆಗೆ ಬೇಕಾದದ್ದು. ನರಮೇಧ ಎಂಬ ಆರೋಪವನ್ನು ಟರ್ಕಿ ಸರ್ಕಾರ ಒಪ್ಪುವುದಿಲ್ಲ. ರೊನಾಲ್ಡ್ ರೇಗನ್ 1981ರ ಏಪ್ರಿಲ್‌ನ ಘೋಷಣೆಯೊಂದರಲ್ಲಿ ಅರ್ಮೇನಿಯನ್ನರ ನರಮೇಧವೆಂದೇ ಬರೆದರು. ಮುಂದೆ ಅವರದೇ ಆಡಳಿತ ಸಂಸತ್ತಿನ ನಿರ್ಣಯಗಳನ್ನು ವಿರೋಧಿಸಿತು.

ಜಾರ್ಜ್ ಡಬ್ಲ್ಯು. ಬುಷ್ 2000ದ ಪ್ರಚಾರದ ವೇಳೆ ಸಮುದಾಯಕ್ಕೆ ಭರವಸೆಯ ಪತ್ರ ಬರೆದರು. ಆದರೆ 2007ರಲ್ಲಿ ಕೆಳಮನೆಯ ವಿದೇಶಾಂಗ ಸಮಿತಿ 27–21 ಮತಗಳಿಂದ ಅಂಗೀಕರಿಸಿದ ನಿರ್ಣಯವನ್ನು ಅವರ ಸರ್ಕಾರ ತಡೆಯಲು ಯತ್ನಿಸಿತು. ಅದು ಸದನದ ಮುಂದೆ ಬರಲೇ ಇಲ್ಲ. ಬರಾಕ್ ಒಬಾಮ 2008ರ ಜನವರಿಯಲ್ಲಿ ಇನ್ನೂ ಸ್ಪಷ್ಟವಾಗಿ, ತಾವು ಅಧ್ಯಕ್ಷರಾದರೆ ನರಮೇಧವನ್ನು ಒಪ್ಪಿಕೊಳ್ಳುವುದಾಗಿ ಘೋಷಿಸಿದರು. ಗೆದ್ದ ಮೇಲೆ ಪ್ರತಿ ಏಪ್ರಿಲ್ 24ರ ಸ್ಮರಣೆಯ ದಿನದ ಹೇಳಿಕೆಯಲ್ಲಿ ‘ಮೆಟ್ಸ್ ಯೆಗೆರ್ನ್’ (ಮಹಾ ದುರಂತ) ಎಂಬ ಅರ್ಮೇನಿಯನ್ ಪದಗಳನ್ನು ಬಳಸಿ, ಎಂಟು ವರ್ಷವೂ ಕೊಟ್ಟ ಮಾತಿನಿಂದ ನುಣುಚಿಕೊಂಡರು. 2008ರಲ್ಲಿ ಅವರ ಪರವಾಗಿ ಅರ್ಮೇನಿಯನ್ನರ ಮತ ಕೇಳಿದ್ದ ಸಮಂತಾ ಪವರ್, ಅಧಿಕಾರಾವಧಿ ಮುಗಿದ ಮೇಲೆ ಈ ಬಗ್ಗೆ ಬಹಿರಂಗವಾಗಿ ಕ್ಷಮೆ ಕೇಳಿದರು.

ಇದಕ್ಕೆ ಎದುರಾಗಿ ನಿಲ್ಲುವುದು ಬಾಬ್ ಡೋಲ್ ಅವರ ಕಡತ. ಎರಡನೇ ಮಹಾಯುದ್ಧದಲ್ಲಿ ಬಲಗೈ ಜಖಂಗೊಂಡಿದ್ದ ಡೋಲ್ ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದವರು ಶಿಕಾಗೊದ ವೈದ್ಯ ಹಂಪರ್ ಕೆಲಿಕಿಯನ್. ಅವರು ಅರ್ಮೇನಿಯನ್ ವಲಸಿಗ. 1990ರಲ್ಲಿ ಸೆನೆಟರ್ ಡೋಲ್ ನರಮೇಧ ಸ್ಮರಣೆಯ ನಿರ್ಣಯ ತಂದು, ತಮ್ಮದೇ ಪಕ್ಷದ ಅಧ್ಯಕ್ಷ ಹಿರಿಯ ಬುಷ್ ಅವರ ಆಡಳಿತವನ್ನೇ ಎದುರುಹಾಕಿಕೊಂಡರು. ಸೆನೆಟರ್ ರಾಬರ್ಟ್ ಬರ್ಡ್ ಚರ್ಚೆಯನ್ನು ಎಳೆದು ನಿರ್ಣಯವನ್ನು ಕೆಡವಿದರು. ಸೋತರೂ ಅದು 1996ರ ಅಧ್ಯಕ್ಷ ಅಭ್ಯರ್ಥಿ ಡೋಲ್ ಅವರ ಹೆಸರಿನಲ್ಲಿ ದಾಖಲಾಗಿತ್ತು. ಚುನಾವಣೆಯ ಹೊಸ್ತಿಲಲ್ಲಿ ಬರೆದ ಪತ್ರಕ್ಕೂ ಸ್ವಂತ ಪಕ್ಷದ ಮುನಿಸು ಕಟ್ಟಿಕೊಂಡು ನಡೆಸಿದ ಹೋರಾಟಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ.

907ನೇ ಕಲಮು

ಎರಡನೆಯ ಪ್ರಶ್ನೆಯ ಅಳತೆಗೋಲು 1992ರ ಫ್ರೀಡಂ ಸಪೋರ್ಟ್ ಕಾಯ್ದೆಯ 907ನೇ ಕಲಮು. ಅರ್ಮೇನಿಯಾ ಮತ್ತು ಕರಬಾಖ್ ಮೇಲಿನ ದಿಗ್ಬಂಧನ ತೆರವಿಗೆ ಅಜರ್‌ಬೈಜಾನ್ ಮುಂದಾಗುವವರೆಗೆ ಅದರ ಸರ್ಕಾರಕ್ಕೆ ಅಮೆರಿಕದ ನೆರವು ಸಲ್ಲದು ಎಂದು ಅದು ವಿಧಿಸಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಭಯೋತ್ಪಾದನೆ ವಿರುದ್ಧದ ಸಮರಕ್ಕೆ ಅಜರ್‌ಬೈಜಾನಿನ ಸಹಕಾರ ಬೇಕಾಯಿತು. ಈ ನಿರ್ಬಂಧಕ್ಕೆ ವಿನಾಯಿತಿ ಕೊಡುವ ಅಧಿಕಾರವನ್ನು ಸಂಸತ್ತು ಅಧ್ಯಕ್ಷರಿಗೆ ನೀಡಿತು. ಅಲ್ಲಿಂದಾಚೆ ಎರಡೂ ಪಕ್ಷಗಳ ಅಧ್ಯಕ್ಷರು ಈ ವಿನಾಯಿತಿ ಬಳಸಿದ್ದಾರೆ. ಸದ್ದಿಲ್ಲದೆ ಬೀಳುವ ಈ ಸಹಿಗೆ ಏಪ್ರಿಲ್ 24ರ ಹೇಳಿಕೆಯಷ್ಟು ಪ್ರಚಾರ ಸಿಗುವುದಿಲ್ಲ. ಆದರೆ ಅಭ್ಯರ್ಥಿಯ ಲೆಕ್ಕ ಬರೆಯುವವರಿಗೆ ಅದೂ ಅಷ್ಟೇ ಮುಖ್ಯ.

ಮಾನ್ಯತೆಯ ನಂತರ

2019ರ ಅಕ್ಟೋಬರ್ 29ರಂದು ಕೆಳಮನೆ 405–11 ಮತಗಳಿಂದ ನರಮೇಧವನ್ನು ಮಾನ್ಯ ಮಾಡಿತು. ಡಿಸೆಂಬರ್‌ನಲ್ಲಿ ಸೆನೆಟ್ ಸರ್ವಾನುಮತದಿಂದ ಜೊತೆಗೂಡಿತು. ತನ್ನ ನಿಲುವು ಬದಲಾಗಿಲ್ಲವೆಂದು ಟ್ರಂಪ್ ಆಡಳಿತ ಹೇಳಿತು. ಅಭ್ಯರ್ಥಿಯಾಗಿ ಮಾತು ಕೊಟ್ಟಿದ್ದ ಜೋ ಬೈಡನ್ 2021ರ ಏಪ್ರಿಲ್ 24ರಂದು ಅಧ್ಯಕ್ಷರಾಗಿ ಅದನ್ನು ಉಳಿಸಿಕೊಂಡರು. ಅದೇ ವರ್ಷ ಅವರ ಸರ್ಕಾರ 907ರ ವಿನಾಯಿತಿಯನ್ನೂ ಮುಂದುವರಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ಕರಬಾಖ್ ಮೇಲೆ ದಾಳಿ ಮಾಡಿದಾಗ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಊರು ತೊರೆದರು. ಮಾನ್ಯತೆಯ ಮಾತಿನಿಂದ ಈ ಗುಳೆ ತಪ್ಪಲಿಲ್ಲವೆಂಬ ಸಿಟ್ಟು 2024ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಕಡೆ ತಿರುಗಿತು. ಆ ಪಕ್ಷದ ಅಭ್ಯರ್ಥಿ ಕಮಲಾ ಹ್ಯಾರಿಸ್ ಏನೂ ಮಾಡಲಿಲ್ಲವೆಂದು ಟ್ರಂಪ್ ಟೀಕಿಸಿದರು. ನಿರಾಶ್ರಿತರಿಗೆ ಮರಳುವ ಹಕ್ಕಿದೆ ಎಂದು ಹ್ಯಾರಿಸ್ ಹೇಳಿದರು. ಗೆದ್ದ ಟ್ರಂಪ್ 2025ರ ಏಪ್ರಿಲ್ 24ರ ಹೇಳಿಕೆಯಲ್ಲಿ ನರಮೇಧವೆಂಬ ಪದ ಬಿಟ್ಟರು. ಆಗಸ್ಟ್ 8ರಂದು ಅರ್ಮೇನಿಯಾ ಮತ್ತು ಅಜರ್‌ಬೈಜಾನಿನ ನಾಯಕರನ್ನು ಶ್ವೇತಭವನದಲ್ಲಿ ಒಟ್ಟಿಗೆ ಕೂರಿಸಿದರು. 907ರ ವಿನಾಯಿತಿಗೂ ಸಹಿ ಹಾಕಿದರು.

ಫ್ರಾನ್ಸ್‌ನಲ್ಲಿ

ಇಂಥ ಪ್ರಶ್ನೆಗಳು ಅಮೆರಿಕಕ್ಕೆ ಸೀಮಿತವಲ್ಲ. ಮಾರ್ಸೇ, ಲಿಯೋನ್, ಪ್ಯಾರಿಸ್‌ಗಳಲ್ಲಿ ದೊಡ್ಡ ಅರ್ಮೇನಿಯನ್ ಸಮುದಾಯವಿರುವ ಫ್ರಾನ್ಸ್ 2001ರಲ್ಲೇ ಕಾನೂನು ಮಾಡಿ ನರಮೇಧವನ್ನು ಮಾನ್ಯ ಮಾಡಿತು. ಆದ್ದರಿಂದ ಅಲ್ಲಿನ ಅಭ್ಯರ್ಥಿಗಳ ಮುಂದಿನ ಪ್ರಶ್ನೆಗಳು ಬೇರೆ. ನರಮೇಧದ ನಿರಾಕರಣೆಯನ್ನು ಶಿಕ್ಷಾರ್ಹಗೊಳಿಸುವ ಕಾನೂನನ್ನು ಅಧ್ಯಕ್ಷ ಸರ್ಕೋಜಿ ಅವರ ಕಾಲದಲ್ಲಿ ಸಂಸತ್ತು ಅಂಗೀಕರಿಸಿತು. 2012ರಲ್ಲಿ ಸಂವಿಧಾನ ಮಂಡಳಿ ಅದನ್ನು ರದ್ದುಮಾಡಿತು. ಏಪ್ರಿಲ್ 24ನ್ನು ರಾಷ್ಟ್ರೀಯ ಸ್ಮರಣೆಯ ದಿನವಾಗಿಸುವ ಚುನಾವಣಾ ಭರವಸೆಯನ್ನು ಅಧ್ಯಕ್ಷ ಮ್ಯಾಕ್ರಾನ್ 2019ರಲ್ಲಿ ಈಡೇರಿಸಿದರು.

ಅಮೆರಿಕದಲ್ಲೂ ಈಗ ಪ್ರಶ್ನಾವಳಿ ಹಿಗ್ಗಿದೆ. ಅಜರ್‌ಬೈಜಾನಿನ ರಾಜಧಾನಿ ಬಾಕುವಿನಲ್ಲಿ ಸೆರೆಯಾದ ಅರ್ಮೇನಿಯನ್ನರ ಬಿಡುಗಡೆ, ಕರಬಾಖ್ ನಿರಾಶ್ರಿತರು ಮರಳುವ ಹಕ್ಕು, ಅಜರ್‌ಬೈಜಾನಿಗೆ ಸಲ್ಲುವ ನೆರವು ಇವೆಲ್ಲ ನರಮೇಧದ ಮಾನ್ಯತೆಯ ಜೊತೆಗೆ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಕೊಂಡಿವೆ.