ದೂರವೆಂದರೆ ಎಷ್ಟು ಹೊತ್ತು?

ಮುಂದಿನ ಊರು ಎಷ್ಟು ದೂರವೆಂದು ದಾರಿಹೋಕನು ಕೇಳಿದರೆ, ನಮ್ಮ ಹಳ್ಳಿಯ ಹಿರಿಯರು ಹರದಾರಿಯ ಲೆಕ್ಕವನ್ನು ಹೇಳುತ್ತಿದ್ದುದು ಅಪರೂಪ. “ಈಗ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಸೇರುವಿರಿ” ಎಂಬುದೇ ವಾಡಿಕೆಯ ಉತ್ತರ. ಮೈಲಿಗಲ್ಲು ಸರ್ಕಾರದ್ದು, ಹೊತ್ತು ನಡೆಯುವವನದು. ಕಾಲ್ನಡಿಗೆಗೆ ಸಲ್ಲುತ್ತಿದ್ದ ಈ ಲೆಕ್ಕವೇ ವಿಮಾನಯಾನಕ್ಕೂ ಸಲ್ಲುತ್ತದೆಂಬುದು ಕೌತುಕದ ಸಂಗತಿ.

ಬೆಂಗಳೂರು ಮತ್ತು ಸಾನ್‌ಫ್ರಾನ್ಸಿಸ್ಕೋ ನಗರಗಳ ನಡುವಣ ನೇರ ಅಂತರ ಸುಮಾರು 14,000 ಕಿಲೋಮೀಟರು. ಗೋಡೆಯ ಭೂಪಟವನ್ನು ನೋಡಿದವರು, ದಾರಿ ಪೂರ್ವಕ್ಕೋ ಪಶ್ಚಿಮಕ್ಕೋ ಇರಬೇಕೆಂದು ಊಹಿಸುವುದು ಸಹಜ. ಆದರೆ ಭೂಗೋಲದ ಮೇಲೆ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಹಿಡಿದು ನೋಡಿರಿ. ಅದು ಉತ್ತರಕ್ಕೆ ಏರಿ, ಹಿಮಾಲಯವನ್ನೂ ಸೈಬೀರಿಯವನ್ನೂ ದಾಟಿ, ಆರ್ಕ್‌ಟಿಕ್ ಸಾಗರದ ಅಂಚನ್ನು ಸವರಿ, ಅಲಾಸ್ಕದ ಮೇಲಿನಿಂದ ಇಳಿಯುತ್ತದೆ. ಚಪ್ಪಟೆಯ ಕಾಗದವು ಮರೆಸಿದ್ದ ಸತ್ಯವನ್ನು ದುಂಡನೆಯ ಗೋಲವು ತೋರಿಸಿಕೊಡುತ್ತದೆ.

ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ನಾಲ್ವರು ಮಹಿಳಾ ಚಾಲಕರು, 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾ ವಿಮಾನವೊಂದನ್ನು ಸಾನ್‌ಫ್ರಾನ್ಸಿಸ್ಕೋದಿಂದ ಏರಿಸಿ, ಉತ್ತರ ಧ್ರುವಪ್ರದೇಶದ ಮೇಲೆ ಹಾರಿಸಿ, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ತಂದರು. ಪ್ರಯಾಣಕ್ಕೆ ಹಿಡಿದದ್ದು ಸುಮಾರು 17 ಗಂಟೆ. ಆದರೆ ಇಳಿದಾಗ 11ನೆಯ ತಾರೀಖಿನ ಬೆಳಗಿನ ಜಾವ! ಚಳಿಗಾಲದಲ್ಲಿ ಎರಡು ನಗರಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಯ ಅಂತರವಿರುವುದರಿಂದ, ಜನವರಿ 10 ಎಂಬ ದಿನವನ್ನು ಆ ಪ್ರಯಾಣಿಕರು ನೆಲದ ಮೇಲೆ ಕಾಣಲೇ ಇಲ್ಲ.

ಹತ್ತಿರದ ದಾರಿಯೇ ಬೇಗನೆ ಮುಟ್ಟಿಸುವ ದಾರಿ ಎಂದೂ ಹೇಳುವಂತಿಲ್ಲ. ದೆಹಲಿಯಿಂದ ಸಾನ್‌ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಸಾಗರದ ಮೇಲೆ ಹೋಗುತ್ತಿದ್ದ ವಿಮಾನವು 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಸಾಗರದ ದಾರಿ ಹಿಡಿಯಿತು. ಹಳೆಯ ದಾರಿ ಸುಮಾರು 13,900 ಕಿಲೋಮೀಟರು, ಹೊಸದು 15,300. ಆದರೂ ಪಯಣ ಸುಮಾರು ಹದಿನಾಲ್ಕೂವರೆ ಗಂಟೆಗೆ ಮುಗಿಯಿತು. ಮೊದಲಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಉಳಿಯಿತು. ಭೂಮಿ ತಿರುಗುವಾಗ ವಾತಾವರಣವೂ ಅದರೊಡನೆಯೇ ತಿರುಗುವುದರಿಂದ, ಭೂಮಿಯು ವಿಮಾನದ ಕೆಳಗೆ ಸರಿದುಹೋಯಿತೆಂದು ಭಾವಿಸುವುದು ತಪ್ಪು. ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯೇ ಇದಕ್ಕೆ ಕಾರಣ. ಪ್ರವಾಹಕ್ಕೆ ಎದುರಾಗಿ ಈಜುವವನಿಗೆ ಹತ್ತಿರದ ದಡವೂ ದೂರವೇ ಅಲ್ಲವೆ?

ಹೀಗೆ ದೂರವೆಂಬುದು ಕೊನೆಗೆ ಹೊತ್ತಿನ ಮಾತೇ ಆಗುತ್ತದೆ. ಮಕ್ಕಳನ್ನು ಆ ದೂರದ ತೀರಕ್ಕೆ ಕಳುಹಿಸಿದ ಕನ್ನಡದ ಮನೆಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ತಾಯಿ ಹಾಸಿಗೆ ಹಿಡಿದ ಸುದ್ದಿ ಮಗನಿಗೆ ಕ್ಷಣಮಾತ್ರದಲ್ಲಿ ತಲಪುತ್ತದೆ. ಮಗನು ತಲಪಬೇಕಾದರೆ, ಎಲ್ಲಿಯೂ ಇಳಿಯದೆ ಬಂದರೂ, ಹದಿನೇಳು ಗಂಟೆ ಬೇಕು. ಸುದ್ದಿಗೂ ಮಗನಿಗೂ ನಡುವೆ ಉಳಿಯುವ ಆ ಹೊತ್ತೇ ಎರಡು ಊರುಗಳ ನಿಜವಾದ ಅಂತರ. ವಿಮಾನವು ಅದನ್ನು ಕಿರಿದುಗೊಳಿಸಿದೆ, ಅಳಿಸಿಲ್ಲ.