ಊರ ಹೆಸರಿನ ಹಾಡುಗಾರರು

ರಾಯಬಾಗ ತಾಲ್ಲೂಕಿನ ಮಾಳು ನಿಪನಾಳ 2025ರಲ್ಲಿ ಬಿಗ್ ಬಾಸ್ ಮನೆ ಹೊಕ್ಕಾಗ ಬೆಂಗಳೂರು, ಮೈಸೂರು ಕಡೆಯ ಎಷ್ಟೋ ಮಂದಿ ಆ ಹೆಸರನ್ನು ಮೊದಲ ಸಲ ಕೇಳಿರಬೇಕು. ಚಿಕ್ಕೋಡಿ, ಅಥಣಿ, ಕಾಗವಾಡದ ಕಡೆ ಅಷ್ಟೊತ್ತಿಗೆ ಅವರ ‘ನಾ ಡ್ರೈವರಾ’ ಹಳೇ ಹಾಡು. ತಾವೇ ಪದ ಕಟ್ಟಿ, ತಾವೇ ಹಾಡಿ, ಯೂಟ್ಯೂಬಿಗೆ ಬಿಟ್ಟು ಜಾತ್ರೆಯಿಂದ ಜಾತ್ರೆಗೆ ತಿರುಗುವ ಇಂಥವರನ್ನು ಇಲ್ಲಿಯ ಜನ ಜಾನಪದ ಕಲಾವಿದರೆಂದೇ ಕರೆಯುತ್ತಾರೆ. ಕಟ್ಟಿದವರು ಯಾರೆಂದು ಗೊತ್ತಿರುವ, ಕೀಬೋರ್ಡಿನಲ್ಲಿ ಕೂಡಿಸಿದ ಹಾಡು ಜಾನಪದ ಹೇಗಾದೀತು ಎಂಬುದು ಓದಿದವರ ತಕರಾರು.

ಇದಕ್ಕೆ ಉತ್ತರ ಈ ಸೀಮೆಯ ಹಾಡಿಕೆಯಲ್ಲೇ ಇದೆ. ಬೀಸುವ ಪದ, ಕುಟ್ಟುವ ಪದಗಳಿಗೆ ಕರ್ತೃ ಇಲ್ಲ, ನಿಜ. ಆದರೆ ಲಾವಣಿ, ಗೀಗೀ, ಡೊಳ್ಳಿನ ಪದಗಳ ಕೊನೆಯ ನುಡಿಯಲ್ಲಿ ಕವಿ ತನ್ನ ಊರು, ದೈವ, ಗುರುವನ್ನು ನೆನೆಯುವುದು ರೂಢಿ. ಶ್ರೀಕೃಷ್ಣ ಪಾರಿಜಾತವನ್ನು ಊರೂರಿಗೆ ಒಯ್ದವರು ಕುಲಗೋಡ ತಮ್ಮಣ್ಣ. ಆ ಆಟದಲ್ಲಿ ಹೆಸರಾದವರು ಕೌಜಲಗಿ ನಿಂಗಮ್ಮ. ಲಾವಣಿಗೆ ಹಲಸಂಗಿ ಖಾಜಾಭಾಯಿ. ಹೆಸರಿನ ಮುಂದಿದ್ದ ಊರು ಈಗ, ಮಾಳು ನಿಪನಾಳರಲ್ಲಿ ಆದಂತೆ, ಹಿಂದೆ ಬಂದಿದೆ, ಅಷ್ಟೆ. ವಾದ್ಯದ ಮಾತೂ ಹಾಗೇ. ಪಾರಿಜಾತದ ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಹೊರಗಿನಿಂದ ಬಂದದ್ದೇ. ವಸ್ತು ಮಾತ್ರ ನಿಜಕ್ಕೂ ಹೊಸದು. 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಹುಟ್ಟಿದ ಮೇಲೆ ಕೃಷ್ಣೆಯ ದಂಡೆಗುಂಟ ಕಬ್ಬು ಹಬ್ಬಿತು, ಮುಂದೆ ಅದನ್ನು ಎಳೆಯಲು ಟ್ರ್ಯಾಕ್ಟರ್ ಬಂತು. ಸ್ಟೇರಿಂಗ್ ಹಿಡಿದ ಹುಡುಗ ಹಾಡಿನ ನಾಯಕನಾಗಲು ಮಾತ್ರ ಇಷ್ಟು ಕಾಲ ಬೇಕಾಯಿತು. ಕೃಷ್ಣ, ಅರ್ಜುನರ ಜಾಗದಲ್ಲಿ ಪಗಾರದವನು ಬಂದು ನಿಂತದ್ದು ಸಣ್ಣ ಸಂಗತಿಯಲ್ಲ.

ಹಗುರ ಪ್ರೇಮದ ಮಾತೇ ಹೆಚ್ಚೆಂಬ ದೂರನ್ನು ಲಾವಣಿಯೂ ಕೇಳಿಸಿಕೊಂಡಿದೆ. ಅದನ್ನು ನಾನು ಅಷ್ಟು ಗಟ್ಟಿಯೆಂದು ಎಣಿಸುವುದಿಲ್ಲ. ಗಟ್ಟಿ ದೂರು ಬೇರೆ ಇದೆ. ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಒಂದು ಮೇಳ ಹಾಕಿದ ಸವಾಲಿಗೆ ಇನ್ನೊಂದು ಮೇಳ ಬೆಳಗಾಗುವುದರೊಳಗೆ ಪುರಾಣದ ಆಧಾರ ಕೊಟ್ಟು ಉತ್ತರಿಸಬೇಕಿತ್ತು. ಹಾಡುಗಾರನ ಸರಕು ಎಷ್ಟೆಂದು ಅಲ್ಲೇ, ಕೂತ ಜನರೆದುರು ಬಯಲಾಗುತ್ತಿತ್ತು. ಸ್ಟುಡಿಯೋದಲ್ಲಿ ಎದುರಾಳಿಯೇ ಇಲ್ಲ. ಎಷ್ಟು ಮಂದಿ ನೋಡಿದರೆಂಬ ಲೆಕ್ಕ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಹಾಗಾಗಿಯೇ ಅದೇ ತಾಳ, ಕೈಕೊಟ್ಟ ಅದೇ ಹುಡುಗಿ ಹಾಡಿನಿಂದ ಹಾಡಿಗೆ ಮರಳುತ್ತಾರೆ. ಇದು ಹಾಡುವವರ ಪ್ರತಿಭೆಯ ಕೊರತೆಗಿಂತ ಎದುರಾಳಿ ಸಿಗುವ ಕಟ್ಟೆಯ ಕೊರತೆ. ಕಟ್ಟೆಯೇನೂ ದೂರವಿಲ್ಲ: ನಿಪನಾಳ ಇರುವ ತಾಲ್ಲೂಕಿನಲ್ಲೇ, ಚಿಂಚಲಿ ಮಾಯಕ್ಕನ ಭಾರತ ಹುಣ್ಣಿಮೆ ಜಾತ್ರೆಗೆ ಡೊಳ್ಳಿನ ಮೇಳಗಳು ಈಗಲೂ ಬರುತ್ತವೆ.