ಫೋನಿನ ಬರಹ ಕಂಪ್ಯೂಟರಿಗೆ

ಅಕ್ಕಂದಿರೇ, ಸಂಘದ ಸಾಲಕ್ಕೆ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಯ ನಂಬರು ಫೋನಿನಲ್ಲಿದೆ. ಅರ್ಜಿ ಇರುವುದು ಪೇಟೆಯ ಅಂಗಡಿಯ ಕಂಪ್ಯೂಟರಿನಲ್ಲಿ. ಒಬ್ಬರು ಓದಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಒಂದು ಅಂಕಿ ತಪ್ಪಿದರೆ ಹಣ ಬೇರೆಯವರ ಖಾತೆಗೆ ಹೋದೀತು.

ಬ್ಯಾಂಕಿನ ಶಾಖೆಗೆ ಐ.ಎಫ್.ಎಸ್.ಸಿ. ಅಂತ ಒಂದು ಗುರುತು ಇದೆ. ಅದರಲ್ಲಿ 11 ಅಕ್ಷರ, ಅಂಕಿ ಇರುತ್ತವೆ. ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಅಂತ ಬರೆದು ಅರ್ಜಿ ವಾಪಸ್ ಬರುವುದುಂಟು. ಕೈಯಲ್ಲಿ ಬರೆಯುವ ಬದಲು ನಕಲು ಮಾಡಿದರೆ ಈ ತಪ್ಪು ಆಗುವುದಿಲ್ಲ.

ನಕಲು ಮಾಡುವುದು ಹೇಗೆ? ಫೋನಿನಲ್ಲಿ ಆ ನಂಬರಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ‘ಕಾಪಿ’ ಅಂತ ಕಾಣುತ್ತದೆ. ಅದನ್ನು ಒತ್ತಿ. ಈಗ ನಂಬರು ಫೋನಿನ ನೆನಪಿನಲ್ಲಿ ಕೂತಿತು. ಬೇಕಾದ ಕಡೆ ಮತ್ತೆ ಒತ್ತಿ ಹಿಡಿದು ‘ಪೇಸ್ಟ್’ ಒತ್ತಿದರೆ ಅಲ್ಲಿ ಮೂಡುತ್ತದೆ. ಪೇಸ್ಟ್ ಅಂದರೆ ಅಂಟಿಸು. ಹಿಂದೆ ಕಾಗದ ಕತ್ತರಿಸಿ, ಗೋಂದು ಹಚ್ಚಿ ಅಂಟಿಸುತ್ತಿದ್ದರಲ್ಲ, ಅದೇ ಹೆಸರು ಉಳಿಯಿತು. 1970ರ ದಶಕದಲ್ಲಿ ಅಮೆರಿಕದ ಲ್ಯಾರಿ ಟೆಸ್ಲರ್ ಮತ್ತು ಅವರ ಜೊತೆಗಾರರು ಇದನ್ನು ಕಂಪ್ಯೂಟರಿಗೆ ತಂದರು.

“ಫೋನಲ್ಲಿ ಕಾಪಿ ಮಾಡಿದ್ದು ಕಂಪ್ಯೂಟರಲ್ಲಿ ಯಾಕೆ ಬರಲ್ಲ?” ಅಂತ ನೀವು ಕೇಳಬಹುದು. ಎರಡರ ನೆನಪೂ ಬೇರೆ ಬೇರೆ. ನಡುವೆ ಒಂದು ದಾರಿ ಬೇಕು. ವಾಟ್ಸಾಪ್ ಅಂಥ ಒಂದು ದಾರಿ. ಕಂಪ್ಯೂಟರಿನ ಪರದೆಯ ಮೇಲೆ ಕಪ್ಪು ಚುಕ್ಕೆಗಳ ಒಂದು ಚೌಕ ಬರುತ್ತದೆ. ನಿಮ್ಮ ವಾಟ್ಸಾಪಿನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಎರಡಕ್ಕೂ ಕೊಂಡಿ ಬೀಳುತ್ತದೆ. ಆಮೇಲೆ ನಿಮ್ಮ ನಂಬರಿಗೆ ನೀವೇ ಸಂದೇಶ ಕಳಿಸಿಕೊಳ್ಳಿ. ಅದು ಕಂಪ್ಯೂಟರಿನಲ್ಲೂ ಕಾಣುತ್ತದೆ. ಅರ್ಧ ಬರೆದ ಅರ್ಜಿಯನ್ನೂ ಹೀಗೇ ಕಳಿಸಿ, ಉಳಿದದ್ದನ್ನು ಅಲ್ಲಿ ಬರೆಯಬಹುದು.

ಇಲ್ಲಿ ಸ್ವಲ್ಪ ನಿಲ್ಲಿ. ಕೊಂಡಿ ಬಿದ್ದ ಮೇಲೆ ಆ ಕಂಪ್ಯೂಟರಿನಲ್ಲಿ ಅರ್ಜಿ ಮಾತ್ರ ಕಾಣುವುದಿಲ್ಲ. ಮಗಳ ಫೋಟೋ, ತವರಿನ ಮಾತು, ಮನೆಯ ಜಗಳ ಕೂಡ ಕಾಣುತ್ತದೆ. ನೀವು ಮನೆಗೆ ಬಂದರೂ ಕೊಂಡಿ ತಾನಾಗಿ ಬಿಡುವುದಿಲ್ಲ. ನಾಳೆ ಬರುವ ಸಂದೇಶವೂ ಅಲ್ಲಿ ಕಾಣುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೊಂಡಿ ಹಾಕದಿರುವುದೇ ಮೇಲು ಅನ್ನುತ್ತೇನೆ. ಬೇಕಾದ ಒಂದೇ ಕಾಗದವನ್ನು ಅಂಗಡಿಯ ಇಮೇಲಿಗೆ ಕಳಿಸಿದರೆ ಸಾಕು.

ಕೊಂಡಿ ಹಾಕಲೇಬೇಕಾಯಿತು ಅನ್ನಿ. ಕೆಲಸ ಮುಗಿದ ಕೂಡಲೇ ನಿಮ್ಮ ಫೋನಿನಲ್ಲೇ ಅದನ್ನು ಬಿಡಿಸಬಹುದು. ವಾಟ್ಸಾಪ್ ತೆರೆದು ಮೇಲಿನ ಮೂರು ಚುಕ್ಕೆ ಒತ್ತಿ. ‘ಲಿಂಕ್ಡ್ ಡಿವೈಸಸ್’ ಒತ್ತಿ. ಅಲ್ಲಿ ಕಾಣುವ ಕಂಪ್ಯೂಟರಿನ ಹೆಸರು ಒತ್ತಿ ‘ಲಾಗ್ ಔಟ್’ ಮಾಡಿ. ಆಗಾಗ ಅಲ್ಲಿ ನೋಡುತ್ತಾ ಇರಿ. ನಿಮಗೆ ಗೊತ್ತಿಲ್ಲದ ಹೆಸರು ಇದ್ದರೆ ಅದನ್ನೂ ತೆಗೆಯಿರಿ.

ಇನ್ನೊಂದು ಮಾತು. ಕಂಪ್ಯೂಟರಿನಲ್ಲಿ ಕೊನೆಗೆ ಕಾಪಿ ಮಾಡಿದ್ದು ಅದರ ನೆನಪಿನಲ್ಲೇ ಇರುತ್ತದೆ. ನಿಮ್ಮ ಹಿಂದೆ ನಿಂತವರು ಪೇಸ್ಟ್ ಒತ್ತಿದರೆ ನಿಮ್ಮ ಖಾತೆ ನಂಬರು ಬಂದುಬಿಡುತ್ತದೆ! ಏಳುವ ಮೊದಲು ಯಾವುದಾದರೂ ಬೇರೆ ಪದ ಕಾಪಿ ಮಾಡಿ. ಕೆಲವು ಕಂಪ್ಯೂಟರುಗಳು ಹಳೆಯ ನಕಲುಗಳನ್ನೂ ಇಟ್ಟುಕೊಳ್ಳುತ್ತವೆ. ಅದಕ್ಕೇ ಓ.ಟಿ.ಪಿ., ಪಿನ್ ನಂಬರು ಇವನ್ನು ಅಲ್ಲಿ ಕಾಪಿ ಮಾಡಲೇಬೇಡಿ. ಆಧಾರ್ ಕಾರ್ಡಿನ ಫೋಟೋ ಕಳಿಸಿದ್ದರೆ, ಪ್ರಿಂಟ್ ಆದ ಮೇಲೆ ಅಳಿಸಲು ಹೇಳಿ. “ಆಮೇಲೆ ಅಳಿಸ್ತೀನಿ ಬಿಡಿ ಅಮ್ಮಾ” ಅಂದರೆ, “ಪರವಾಗಿಲ್ಲಪ್ಪಾ, ಕಾಯ್ತೀನಿ” ಅನ್ನಿ.